ರೆಸ್ಟ್ ತಗೋ ಅನ್ನಬೇಡಿ

ಬೆಳಗಿನ ಜಾವ ಮೂರೂವರೆಗೆ ನನಗೆ ಎಚ್ಚರ ಆಗುತ್ತದೆ. ಅಲಾರಾಂ ಬೇಕಿಲ್ಲ. ಸೊಂಟದ ಕೆಳಗೆ, ಎಡಗಡೆ ಒಳಗೆಲ್ಲೋ, ಬಿಗಿದು ಕೂತಿರುತ್ತದೆ. ಮಗ್ಗುಲು ಬದಲಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಮಂಡಿ ಮಡಚಬೇಕು, ಮಂಚದ ಅಂಚು ಹಿಡಿಯಬೇಕು, ಆಮೇಲೆ ಉಸಿರು ಬಿಡುತ್ತಾ ಭುಜ, ಸೊಂಟ ಎರಡನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಉರುಳಿಸಬೇಕು. ನಿದ್ದೆಗಣ್ಣಲ್ಲಿ ಮರೆತು ಬರೀ ಸೊಂಟ ತಿರುಗಿಸಿದೆನೋ, ನನ್ನ ಬಾಯಿಂದ ಬರುವ ಸದ್ದಿಗೆ ನಮ್ಮ ಮನೆಯವರು ಎದ್ದು ಕೂರುತ್ತಾರೆ.

ಆಮೇಲೆ ಎದ್ದು ನಡೆಯುತ್ತೇನೆ. ಅಡುಗೆಮನೆಯ ಸಿಂಕಿನಿಂದ ಮುಂಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಮೊದಲ ಹತ್ತು ಸುತ್ತು ಮುದುಕಿಯ ಹಾಗೆ, ಗೋಡೆ ಹಿಡಿದು. ಇಪ್ಪತ್ತು ದಾಟಿದರೆ ಕೈ ಬಿಡಬಹುದು. ನಲವತ್ತರ ಹೊತ್ತಿಗೆ ಮನುಷ್ಯಳಾಗುತ್ತೇನೆ. ನನಗೆ ನಲವತ್ತೊಂದು ವರ್ಷ.

ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೇಳಿದ ತಕ್ಷಣ ಎದುರಿಗಿರುವವರು "ಓ ಸ್ಪಾಂಡಿಲೈಟಿಸ್ಸಾ, ನಮ್ಮ ಭಾವನಿಗೂ ಇದೆ, ಕುತ್ತಿಗೆಗೆ ಪಟ್ಟಿ ಹಾಕಿದ್ದಾರೆ" ಅನ್ನುತ್ತಾರೆ. ಅದು ಬೇರೆ, ಇದು ಬೇರೆ. ಅವರ ಭಾವನದು ಬಹುಶಃ ಮೂಳೆ ಸವೆತ. ನನ್ನದು ಸವೆತ ಅಲ್ಲ, ಉರಿಯೂತ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಬೆನ್ನುಮೂಳೆಯ ಕೆಳತುದಿ ಸೊಂಟದ ಮೂಳೆಗೆ ಸೇರುವ ಕೀಲಿನ ಮೇಲೆ ಹಗೆ ಸಾಧಿಸುತ್ತದೆ. ಎಷ್ಟೋ ವರ್ಷ ಹಾಗೇ ನಡೆದರೆ ಕೆಲವರಿಗೆ ಮೂಳೆಗೆ ಮೂಳೆ ಬೆಸೆದು ಬೆನ್ನು ಕೋಲಿನ ಹಾಗೆ ಆಗಿಬಿಡುತ್ತದೆ.

ಇದು ಗೊತ್ತಾಗುವುದಕ್ಕೆ ನನಗೆ ಏಳು ವರ್ಷ ಹಿಡಿಯಿತು. 2012ರಲ್ಲಿ ಎರಡನೇ ಮಗು, ಸಿಸೇರಿಯನ್, ಆಮೇಲೆ ಬೆನ್ನು ನೋವು. ಬೆನ್ನಿಗೆ ಇಂಜೆಕ್ಷನ್ ಹಾಕಿದ್ದರಲ್ಲ, ಸಾಕು, ಸಿಕ್ಕಿಬಿಟ್ಟ ಕಳ್ಳ. ಅಮ್ಮ, ಅತ್ತೆ, ಪಕ್ಕದ ಮನೆ ಅಕ್ಕ, ಒಬ್ಬಿಬ್ಬರು ಡಾಕ್ಟರೂ ಸೇರಿ ಎಲ್ಲರೂ ಅದೇ ಹೇಳಿದರು: "ಆ ಇಂಜೆಕ್ಷನ್ ಹಾಕಿಸಿಕೊಂಡವರಿಗೆಲ್ಲ ಬೆನ್ನು ನೋವು ಇರೋದೇ." ನಾನೂ ನಂಬಿದೆ. ಎಕ್ಸ್‌ರೇ ತೆಗೆಸಿದೆವು, ಏನೂ ಕಾಣಲಿಲ್ಲ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣುವುದೇ ಕಡಿಮೆ, ಎಂಆರ್‌ಐ ಬೇಕು, ಆದರೆ ಇದನ್ನು ಹೇಳುವವರು ಆಗ ಯಾರೂ ಸಿಗಲಿಲ್ಲ. ಕೊನೆಗೆ 2019ರಲ್ಲಿ ನನ್ನ ಕಣ್ಣು ಕೆಂಪಾಗಿ, ಬೆಳಕು ನೋಡೋಕೆ ಆಗದೆ ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಅವರು ಕಣ್ಣಿಗೆ ಡ್ರಾಪ್ಸ್ ಬರೆದು ಕೇಳಿದ್ದು: "ನಿಮಗೆ ಸೊಂಟ ನೋವು ಇದೆಯಾ? ಬೆಳಿಗ್ಗೆ ಜಾಸ್ತಿ, ಓಡಾಡಿದರೆ ಕಡಿಮೆ ಆಗುತ್ತಾ?" ಕಣ್ಣಿನೊಳಗಿನ ಉರಿಯೂತಕ್ಕೂ ಈ ಕಾಯಿಲೆಗೂ ನಂಟಿದೆಯಂತೆ. ಏಳು ವರ್ಷ ಬೆನ್ನು ಹಿಡಿದುಕೊಂಡು ಓಡಾಡಿದ್ದಕ್ಕೆ ಉತ್ತರ ಸಿಕ್ಕಿದ್ದು ಕಣ್ಣಿನಲ್ಲಿ!

ಎಚ್‌ಎಲ್‌ಎ ಬಿ27 ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಈ ಜೀನಿಗೂ ಈ ಕಾಯಿಲೆಗೂ ಸಂಬಂಧ ಇದೆ ಅಂತ 1973ರಲ್ಲೇ ಗೊತ್ತಾಗಿದೆ. ಅದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆಚ್ಚಿನವರು ಆರಾಮಾಗೇ ಇರುತ್ತಾರೆ. ಮಕ್ಕಳಿಗೆ ಈಗಲೇ ಟೆಸ್ಟ್ ಮಾಡಿಸಬೇಡಿ, ಏನಾದರೂ ಲಕ್ಷಣ ಕಂಡರೆ ನೋಡೋಣ ಅಂದರು ಡಾಕ್ಟರು.

ಈಗ ಔಷಧಿ ವಿಷಯ. ಇದಕ್ಕೆ ಮೊದಲ ಮದ್ದು ನೋವಿನ ಮಾತ್ರೆಗಳೇ, ಇಂಡೊಮೆಥಾಸಿನ್, ನ್ಯಾಪ್ರೋಕ್ಸೆನ್ ಜಾತಿಯವು. ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ನಾನು ಆ ಏಳು ವರ್ಷ ಮೆಡಿಕಲ್ ಸ್ಟೋರಿನಿಂದ ನಾನೇ ತಂದು ಕಡಲೆಪುರಿ ಹಾಗೆ ನುಂಗಿ, ಹೊಟ್ಟೆಯಲ್ಲಿ ಹುಣ್ಣಾಗಿ, ಒಂದು ದಿನ ಕಪ್ಪಗೆ ಮಲ ಹೋಗಿ ಆಸ್ಪತ್ರೆ ಸೇರಿದ್ದೆ. ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ತಪ್ಪು ನನ್ನದೇ, ಸ್ವಲ್ಪ ಮಟ್ಟಿಗೆ. ಸಲ್ಫಸಲಜಿನ್ ಕೈಕಾಲಿನ ಕೀಲುಗಳಿಗೆ ಆಗುತ್ತದೆ, ಬೆನ್ನಿಗೆ ಅಷ್ಟಕ್ಕಷ್ಟೆ. ಟೊಫಾಸಿಟಿನಿಬ್ ಅನ್ನುವ ಮಾತ್ರೆ ಬಂದಿದೆ, ಆದರೆ ಅದು ಸರ್ಪಸುತ್ತಿನ ಅಪಾಯ ಹೆಚ್ಚಿಸುತ್ತದೆ, ನನಗೆ ಒಮ್ಮೆ ಸರ್ಪಸುತ್ತು ಆಗಿದ್ದರಿಂದ ಡಾಕ್ಟರು ಹಿಂದೆಮುಂದೆ ನೋಡುತ್ತಿದ್ದಾರೆ.

ಉಳಿದದ್ದು ಇಂಜೆಕ್ಷನ್. ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಅಡಾಲಿಮುಮಾಬ್, ಹದಿನೈದು ದಿನಕ್ಕೊಂದು. ಅದಕ್ಕೂ ಮೊದಲು ಟಿಬಿ ಟೆಸ್ಟ್ ಆಗಬೇಕು, ಯಾಕೆಂದರೆ ನಮ್ಮ ಮೈಯೊಳಗೆ ಸುಮ್ನೆ ಮಲಗಿರುವ ಟಿಬಿಯನ್ನು ಅದು ಎಬ್ಬಿಸಬಹುದು. ನನ್ನದು ಪಾಸಿಟಿವ್. ಆರು ತಿಂಗಳು ಅದಕ್ಕೆ ಮಾತ್ರೆ. ಇಂಜೆಕ್ಷನ್ ಶುರು ಆಗಿದ್ದು 2021ರಲ್ಲಿ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಇನ್ನೂರು ಕಿಲೋಮೀಟರ್, ಐಸ್ ಪ್ಯಾಕ್ ಇಟ್ಟ ಡಬ್ಬಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದೆ. ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕು. ಮನೆಗೆ ಬಂದ ಮೇಲೆ ಕರೆಂಟ್ ಹೋದರೆ ಫ್ರಿಜ್ ಬಾಗಿಲು ಯಾರೂ ಮುಟ್ಟುವ ಹಾಗಿಲ್ಲ, ಮಗ ಒಮ್ಮೆ ಐಸ್‌ಕ್ರೀಂಗೆ ಅಂತ ತೆಗೆದು ನನ್ನಿಂದ ಬೈಸಿಕೊಂಡಿದ್ದ.

ಎಂಟು ತಿಂಗಳು ತಗೊಂಡೆ. ಆ ಎಂಟು ತಿಂಗಳು ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಆಮೇಲೆ ದುಡ್ಡು ಮುಗಿಯಿತು. ನಮ್ಮ ಇನ್ಶೂರೆನ್ಸಿನಲ್ಲಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ ಹಣ, ಮನೆಯಲ್ಲಿ ಕೂತು ಹೊಟ್ಟೆಗೆ ಚುಚ್ಚಿಕೊಳ್ಳುವುದಕ್ಕೆ ಕೊಡುವುದಿಲ್ಲ. ದೊಡ್ಡವಳ ಕಾಲೇಜು ಫೀಸೋ ನನ್ನ ಇಂಜೆಕ್ಷನ್ನೋ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ನಾನೇ ಲೆಕ್ಕ ಹಾಕಿದೆ. ಈ ಕಾಯಿಲೆ ಬಂದವರು ಇನ್ನೊಬ್ಬರ ಆರೋಗ್ಯ ನೋಡಿ ಹೊಟ್ಟೆಕಿಚ್ಚು ಪಡುತ್ತಾರೋ ಏನೋ, ನನಗಂತೂ 2021ರ ನನ್ನ ಮೇಲೇ ಹೊಟ್ಟೆಕಿಚ್ಚು.

ಈಗ ನನ್ನ ಹತ್ತಿರ ಉಳಿದಿರುವುದು ಓಡಾಟ, ಬಿಸಿನೀರು, ಡಾಕ್ಟರು ಎಣಿಸಿಕೊಟ್ಟ ಕೆಲವೇ ಮಾತ್ರೆ, ಹೊಟ್ಟೆ ಕಾಯುವ ಮಾತ್ರೆಯ ಜೊತೆ, ತೀರಾ ತಡೆಯಲಾಗದ ದಿನಕ್ಕೆ. ಇಲ್ಲೇ ಜನರ ಜೊತೆ ನನ್ನ ಜಗಳ. ಎಲ್ಲರೂ ಒಳ್ಳೆಯವರು. ಎಲ್ಲರೂ ಹೇಳುವುದು ಒಂದೇ: ರೆಸ್ಟ್ ತಗೋ. ಬಸ್ಸಿನಲ್ಲಿ ತುಮಕೂರು ದಾಟಿದ ಮೇಲೆ ನಾನು ಎದ್ದು ನಿಂತರೆ ಪಕ್ಕದವರು "ಕೂತ್ಕೊಳ್ಳಮ್ಮ, ಸೀಟಿದೆಯಲ್ಲ" ಅನ್ನುತ್ತಾರೆ. ಸೀಟಿದೆ ಸ್ವಾಮಿ, ಕೂತರೆ ಶಿರಾ ಬರುವಷ್ಟರಲ್ಲಿ ನಾನು ಏಳುವ ಸ್ಥಿತಿಯಲ್ಲಿ ಇರುವುದಿಲ್ಲ. ಮದುವೆ ಮನೆಯಲ್ಲಿ ಕುರ್ಚಿ ತಂದು ಹಾಕುತ್ತಾರೆ. ಬೇಡ ಅಂದರೆ ಸೊಕ್ಕು, ಓಡಾಡಿದರೆ "ಏನೂ ಆಗಿಲ್ಲ ಅವಳಿಗೆ, ನೋಡು ಹೇಗೆ ಓಡಾಡ್ತಾಳೆ." ಸಂಜೆ ಚೆನ್ನಾಗಿ ನಡೆಯುವವಳು ಬೆಳಿಗ್ಗೆ ರಂಗೋಲಿ ಹಾಕೋಕೆ ಬಗ್ಗಲಾರಳು ಅಂದರೆ ಯಾರು ನಂಬುತ್ತಾರೆ ಹೇಳಿ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಬೆನ್ನು ತುಳಿಸಿಕೊಳ್ಳುವುದು, ಕುತ್ತಿಗೆ ತಿರುಚಿ ನೆಟಿಗೆ ತೆಗೆಸುವುದು, ಈ ಕಾಯಿಲೆ ಇರುವವರು ದಯವಿಟ್ಟು ಮಾಡಿಸಬೇಡಿ. ಬೆಸೆದುಕೊಂಡ ಬೆನ್ನು ಗಟ್ಟಿ ಅಲ್ಲ, ಸುಲಭವಾಗಿ ಮುರಿಯುತ್ತದೆ. ನನ್ನ ಚಿಕ್ಕಪ್ಪ ಒಬ್ಬರ ವಿಳಾಸ ಹಿಡಿದುಕೊಂಡು ಮೂರು ಸಲ ಮನೆಗೆ ಬಂದಿದ್ದರು. ಮೂರು ಸಲವೂ ಕಾಫಿ ಕೊಟ್ಟು ಕಳಿಸಿದೆ.

ಅತ್ತೆ ಬದಲಾದದ್ದು ಮಾತ್ರ ನನಗೆ ಆಶ್ಚರ್ಯ. ಅವರು ಬೆಳಗಿನ ಜಾವ ಬಚ್ಚಲಿಗೆ ಏಳುತ್ತಾರೆ. ಮೊದಲೆಲ್ಲ ಕತ್ತಲಲ್ಲಿ ನಾನು ಓಡಾಡುವುದು ನೋಡಿ "ಮಲಕ್ಕೋ ಹೋಗೇ, ದೆವ್ವದ ಥರ ಏನು ಸುತ್ತೋದು" ಅನ್ನುತ್ತಿದ್ದರು. ಈಗ ಹಾಲ್‌ನ ಸಣ್ಣ ಲೈಟ್ ಹಾಕಿ ಕೇಳುತ್ತಾರೆ: "ಎಷ್ಟು ಸುತ್ತಾಯ್ತು?"

ಪ್ರತಿ ತಿಂಗಳ ಒಂದನೇ ತಾರೀಕು ನಾನು ಅಡುಗೆಮನೆ ಗೋಡೆಗೆ ಹಿಮ್ಮಡಿ, ಬೆನ್ನು ಒತ್ತಿ ನಿಲ್ಲುತ್ತೇನೆ. ತಲೆ ಗೋಡೆಗೆ ತಾಗಬೇಕು. ನನ್ನದು ತಾಗುವುದಿಲ್ಲ. ಎಷ್ಟು ಬೆರಳು ಸಂದು ಇದೆ ಅಂತ ಮಗಳು ಕೈಯಿಟ್ಟು ನೋಡುತ್ತಾಳೆ. ಆಮೇಲೆ ಬಟ್ಟೆ ಹೊಲಿಯುವ ಟೇಪ್ ತಂದು ಎದೆಗೆ ಸುತ್ತಿ, ಉಸಿರು ಬಿಟ್ಟಾಗ ಎಷ್ಟು, ಪೂರ್ತಿ ಎಳೆದಾಗ ಎಷ್ಟು ಅಂತ ಅಳೆಯುತ್ತಾಳೆ. ಪಕ್ಕೆಲುಬಿನ ಕೀಲುಗಳೂ ಬಿಗಿಯುತ್ತವೆ, ಅದಕ್ಕೆ. ಎಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇವೆ. ಈ ತಿಂಗಳು ಗೋಡೆಗೆ ಎರಡು ಬೆರಳು, ಎದೆ ಹಿಗ್ಗಿದ್ದು ಮೂರು ಸೆಂಟಿಮೀಟರ್. ಹೋದ ತಿಂಗಳೂ ಅಷ್ಟೇ ಇತ್ತು. ಮಗಳು "ಸೇಮ್ ಕಣಮ್ಮ" ಅಂದು ಟೇಪ್ ಸುತ್ತಿಟ್ಟು ಕಾಲೇಜಿಗೆ ಹೊರಟಳು.