ರಾಡ್ ಹೋಲ್ಡರಿನ ಬಣ್ಣ

ಇವತ್ತ ಬೀದರಿನ ಕಾರಂಜಾ ಡ್ಯಾಮಿನ ಹಿನ್ನೀರಿನ ದಂಡಿಗೆ ಒಂದು ಫಿಶಿಂಗ್ ಕಯಾಕ್ (ಮೀನು ಹಿಡಿಯೋ ಸಣ್ಣ ದೋಣಿ) ನಿಂತಿತ್ತು. ಗಾಳದ ಕೋಲು ಸಿಗಿಸೋ ರಾಡ್ ಹೋಲ್ಡರಿನ ಕಿತ್ತಳೆ ಬಣ್ಣ ಉಗುರು ತಾಕಿದ್ರ ಸಾಕು, ಉಳ್ಳಾಗಡ್ಡಿ ಸಿಪ್ಪಿಹಂಗ ಎದ್ದು ಬರ್ತಿತ್ತು.

ಯಾವ ಬಣ್ಣ ಅಂತ ಆರಿಸೋಕ ಕೊಟ್ಟ ಹೊತ್ತು ಅದರ ಕೆಳಗಿನ ಪ್ಲಾಸ್ಟಿಕ್ ನೋಡೋಕ ಕೊಟ್ಟಿದ್ರ ಉಳೀತಿತ್ತು ಅನಿಸ್ತು.

ಭಾಳ ಸಾಮಾನಿನ ಹಿಂದ ತ್ರಿಕೋನದಾಗ ಒಂದು ಅಂಕಿ ಇರ್ತದ, ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳೋದು ಅದೇ. 2 ಅಂದ್ರ ಎಚ್‌ಡಿಪಿಇ, 5 ಅಂದ್ರ ಪಾಲಿಪ್ರೊಪಿಲೀನ್. ಎರಡೂ ಬಣ್ಣ ಹಿಡಿಯಂಗಿಲ್ಲ. ಮ್ಯಾಲೆ ನೀರು ಹಾಕಿದ್ರ ಹನಿ ಹನಿಯಾಗಿ ಜಾರ್ತದ, ಬಣ್ಣದ ಗತಿನೂ ಅದೇ. ಪಿವಿಸಿ, ಎಬಿಎಸ್ ಅನ್ನೋ ಪ್ಲಾಸ್ಟಿಕ್ ಆದ್ರ ಚಿಂತಿಲ್ಲ.

ಮೊದಲು ಪಾತ್ರೆ ಸೋಪಿನಿಂದ ತೊಳೀರಿ. ಒಣಗಿದ ಮ್ಯಾಲೆ 320 ನಂಬರ್ ಪಾಲಿಶ್ ಪೇಪರ್‌ಲೆ ಹೊಳಪು ಪೂರ್ತಿ ಹೋಗೋತನ ತಿಕ್ಕರಿ. ಆಮ್ಯಾಲೆ ಜಿಡ್ಡು ತೆಗೆಯೋ ಐಸೊಪ್ರೊಪೈಲ್ ಆಲ್ಕೋಹಾಲ್‌ಲೆ ಒರೆಸ್ರಿ. ಥಿನ್ನರ್ ಬ್ಯಾಡ್ರಿ, ಎಬಿಎಸ್ ಕರಗ್ತದ. 2, 5ರ ಸಾಮಾನಿಗೆ ಅಡ್ಹೀಷನ್ ಪ್ರಮೋಟರ್ (ಬಣ್ಣ ಹಿಡಿಸೋಕ ಮೊದಲು ಹಚ್ಚೋ ದ್ರವ) ಬೇಕೇ ಬೇಕು: ತೆಳ್ಳಗ ಒಂದು ಕೋಟ್, ಡಬ್ಬಿ ಮ್ಯಾಲೆ ಬರೆದ ಹೊತ್ತಿನೊಳಗೇ ಬಣ್ಣ. ತಡ ಆದ್ರ ಅದು ಹೊಡೆದೂ ಉಪಯೋಗಿಲ್ಲ.

ಪ್ಲಾಸ್ಟಿಕ್ಕಿಗೆ ಹೊಡಿಯೋ ಸ್ಪ್ರೇ ಬಣ್ಣ, 25 ಸೆಂ.ಮೀ. ದೂರದಿಂದ, ಮೂರು ತೆಳು ಕೋಟ್. ದಪ್ಪ ಹೊಡೆದ್ರ ಮ್ಯಾಲಷ್ಟೇ ಒಣಗಿ ಒಳಗ ಮೆತ್ತಗೇ ಇರ್ತದ.

ನಮ್ಮ ಬೀದರ್, ಕಲಬುರಗಿ ಬ್ಯಾಸಗಿ ಮಧ್ಯಾಹ್ನ ಮಾತ್ರ ಹೊಡೀಬ್ಯಾಡ್ರಿ. ಸ್ಪ್ರೇ ಗಾಳ್ಯಾಗೇ ಒಣಗಿ ಪುಡಿಯಾಗಿ ಕೂಡ್ತದ, ಮೈ ಒರಟಾಗ್ತದ. ಮುಂಜಾನೆ, ನೆರಳಾಗ.

ತಿರುಪು ಹಲ್ಲು, ತಿರುಗೋ ಜಾಯಿಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚರಿ. ಅಲ್ಲಿ ಬಣ್ಣ ಕೂತ್ರ ನಾಬ್ ಬಿಗಿಯಾಗಂಗಿಲ್ಲ, ಮೀನು ಜಗ್ಗಿದಾಗ ಹೋಲ್ಡರ್ ತಿರುಗಿಬಿಡ್ತದ. ಒಂದು ವಾರ ಬಿಟ್ಟು ನೀರಿಗೆ ಇಳಿಸ್ರಿ.

ಪ್ಯಾಡಲ್ (ಹುಟ್ಟು) ತುದಿಗೆ ಹಸಿರು, ಕಂದು ಬ್ಯಾಡೇ ಬ್ಯಾಡ. ಹಳದಿ ಇಲ್ಲಾ ಕಿತ್ತಳೆನೇ ಹೊಡೀರಿ, ದೂರದ ದೋಣಿಯವರಿಗೆ ನೀವು ಕಾಣಬೇಕು.