ಹಿಡಿತ ಹೆಚ್ಚಿತೋ, ಅಳತೆ ಬದಲಾಯಿತೋ?

ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಸಂಧಿವಾತದ ಕೈ ಬೆಳಗ್ಗೆ ಏಳಕ್ಕೆ ಇದ್ದಂತೆ ಹನ್ನೊಂದಕ್ಕೆ ಇರುವುದಿಲ್ಲ. ಹಿಡಿತದ ಬಲವನ್ನು ಒಂದು ಸಲ ಬಿಗಿತ ಇಳಿಯುವ ಮೊದಲೇ ಅಳೆದು, ಮುಂದಿನ ಸಲ ನೋವಿನ ಮಾತ್ರೆ ಕೆಲಸ ಮಾಡುತ್ತಿರುವಾಗ ಅಳೆದರೆ ಅಂಕಿ ಏರುತ್ತದೆ, ಅದರ ಕೀರ್ತಿ ಹೊಸ ಔಷಧಕ್ಕೆ ಹೋಗುತ್ತದೆ. ಆದ್ದರಿಂದ ರೋಗಿಯ ಅಳತೆ ಬರೆಯುವ ಹಾಳೆಯ ಮೊದಲ ಸಾಲಿನಲ್ಲಿ ಬರೆಯಬೇಕಾದ್ದು ಕಿಲೋಗ್ರಾಂ ಅಲ್ಲ. ಅಳೆದ ಸಮಯ, ಕೊನೆಯ ಮಾತ್ರೆ ನುಂಗಿದ ಹೊತ್ತು, ಕೀಲಿಗೆ ಸ್ಟೆರಾಯ್ಡ್ ಚುಚ್ಚಿದ್ದರೆ ಅದರ ತಾರೀಖು, ಮಣಿಕಟ್ಟಿಗೆ ಸ್ಪ್ಲಿಂಟ್ (ಆಧಾರಪಟ್ಟಿ) ಇತ್ತೇ ಇಲ್ಲವೇ, ಇವು ಮೊದಲು.

ಹಿಡಿತದ ಬಲಕ್ಕೆ ಎಲ್ಲೆಡೆ ಬಳಸುವುದು ಜಮಾರ್ ಡೈನಮೋಮೀಟರ್, ಹಿಡಿಕೆಯನ್ನು ಅದುಮಿದ ಬಲವನ್ನು ಮುಳ್ಳಿನಲ್ಲಿ ತೋರಿಸುವ ಉಪಕರಣ. ರೋಗಿ ಕುರ್ಚಿಯಲ್ಲಿ ಕೂರಬೇಕು, ತೋಳು ಮೈಗೆ ಒತ್ತಿರಬೇಕು, ಮೊಣಕೈ 90 ಡಿಗ್ರಿ, ಹೆಬ್ಬೆರಳು ಮೇಲ್ಮುಖ. ಹಿಡಿಕೆಯ ಐದು ಸ್ಥಾನಗಳಲ್ಲಿ ಎರಡನೆಯದು ವಾಡಿಕೆ. ಬೆರಳು ಅಷ್ಟು ಮಡಚದಿದ್ದರೆ ಮೂರನೆಯದಕ್ಕೆ ಹೋಗಬಹುದು, ಆದರೆ ಆಮೇಲೆ ಪ್ರತಿ ಸಲವೂ ಮೂರನೆಯದೇ. ನಡುವೆ ಬಿಡುವು ಕೊಟ್ಟು ಮೂರು ಸಲ ಅದುಮಿಸಿ ಸರಾಸರಿ ತೆಗೆಯಿರಿ. ಹುರಿದುಂಬಿಸುವ ಮಾತೂ ಪ್ರತಿ ಸಲ ಒಂದೇ ಆಗಿರಲಿ. "ಇನ್ನೂ ಅದುಮಿ, ಇನ್ನೂ" ಎಂದರೆ ಒಂದು ಅಂಕಿ, ಸುಮ್ಮನೆ ನಿಂತರೆ ಇನ್ನೊಂದು.

ಜಮಾರ್‌ನ ತೊಂದರೆ ಎಂದರೆ ಅದು 90 ಕಿಲೋವರೆಗೆ ತೋರಿಸುವ ಉಪಕರಣ. ನಾಲ್ಕೈದು ಕಿಲೋ ಹಿಡಿತದ ಕೈಯಲ್ಲಿ ಮುಳ್ಳು ಅಲುಗಿದ್ದೇ ತಿಳಿಯುವುದಿಲ್ಲ, ಗಟ್ಟಿ ಹಿಡಿಕೆ ಊದಿದ ಕೀಲಿಗೆ ನೋವನ್ನೂ ಕೊಡುತ್ತದೆ. ಹಿಡಿತ ಮೊದಲಿಗಿಂತ 5–6.5 ಕಿಲೋದಷ್ಟು ಹೆಚ್ಚಿದರೆ ಮಾತ್ರ ಅರ್ಥಪೂರ್ಣ ಬದಲಾವಣೆ ಎಂಬ ಮಾತಿದೆ. ಆರಂಭದಲ್ಲೇ ಆರು ಕಿಲೋ ಇರುವವರಿಗೆ ಈ ಲೆಕ್ಕ ಒಪ್ಪುವಂಥದ್ದಲ್ಲ.

ಅಂಥ ಕೈಗೆ ಮುಳ್ಳಿನ ಬಿಪಿ ಉಪಕರಣವೇ ಸಾಕು. ಪಟ್ಟಿಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಬಿಚ್ಚದಂತೆ ಹೊಲಿದುಬಿಡಿ. ಸುರುಳಿಯ ದಪ್ಪ ಬದಲಾದರೆ ಅಂಕಿಯೂ ಬದಲಾಗುತ್ತದೆ. 20 ಮಿ.ಮೀ. ಪಾದರಸದವರೆಗೆ ಗಾಳಿ ತುಂಬಿ, ತಿರುಪು ಮುಚ್ಚಿ, ಅದುಮಿಸಿ. ಮುಳ್ಳು ಏರಿದ ತುದಿಯಿಂದ 20 ಕಳೆದು ಬರೆಯಿರಿ. ಕೈ ಬಿಟ್ಟಾಗ ಮುಳ್ಳು 20ಕ್ಕಿಂತ ಕೆಳಗೆ ಬಂದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ: ಆ ಅಳತೆ ಬಿಟ್ಟು ಮತ್ತೆ ತುಂಬಿ. ರಬ್ಬರ್ ಕೊಳವೆ ಬೆರಳಿನಡಿ ಸಿಕ್ಕಿಬಿದ್ದರೂ ತಪ್ಪು ಅಂಕಿ ಬರುತ್ತದೆ. ಇದನ್ನು ಕಿಲೋಗೆ ಪರಿವರ್ತಿಸಲು ಹೋಗಬೇಡಿ. ಒತ್ತಡ ಎಂದರೆ ಬಲವನ್ನು ಅದು ಬೀಳುವ ಜಾಗಕ್ಕೆ ಹಂಚಿದ್ದು. ದೊಡ್ಡ ಅಂಗೈಗೂ ಚಿಕ್ಕ ಅಂಗೈಗೂ ಹೋಲಿಕೆ ಕೂಡುವುದಿಲ್ಲ. ಅದೇ ಕೈಯ ಹಿಂದಿನ ಅಂಕಿಗೆ ಮಾತ್ರ ಹೋಲಿಸಿ. ಗಟ್ಟಿ ಕೈ ಮುಳ್ಳನ್ನು 300ಕ್ಕೆ ಮುಟ್ಟಿಸಿದರೆ ಈ ವಿಧಾನ ಮುಗಿಯಿತು, ಜಮಾರ್‌ಗೆ ಮರಳಿ.

ಬೆರಳು ಎಷ್ಟು ಮಡಚುತ್ತದೆ ಎಂಬುದಕ್ಕೆ ಬೆರಳ ತುದಿಯಿಂದ ಅಂಗೈಯ ಮೇಲಿನ ಅಡ್ಡಗೆರೆಗೆ ಇರುವ ದೂರವನ್ನು ಸ್ಕೇಲಿನಲ್ಲಿ ಅಳೆಯಬಹುದು. ಆಗ ಮಣಿಕಟ್ಟು ಕೆಳಕ್ಕೆ ಬಾಗಿರಬಾರದು. ಬಾಗಿದರೆ ಹಿಂಗೈಯ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಬಿಗಿದು ಮುಷ್ಟಿ ತಾನೇ ತೆರೆದುಕೊಳ್ಳುತ್ತದೆ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟರೆ ಐದು ಡಿಗ್ರಿಯಷ್ಟು ವ್ಯತ್ಯಾಸವನ್ನು ಬದಲಾವಣೆ ಎನ್ನಬೇಡಿ. ಬೆರಳ ಬೆನ್ನು ಊದಿದ್ದರೆ ಗೋನಿಯೋಮೀಟರನ್ನು ಬೆರಳಿನ ಪಕ್ಕಕ್ಕೆ ತಾಗಿಸಿ ಇಡುವುದು ಲೇಸು.

ಮೊದಲು ರೋಗಿಯೇ ಬೆರಳು ಆಡಿಸಲಿ, ಆಮೇಲೆ ನೀವು ಆಡಿಸಿ. ನೀವು ಎತ್ತಿದರೆ ಕಿರುಬೆರಳು, ಉಂಗುರಬೆರಳು ಪೂರ್ತಿ ನೆಟ್ಟಗಾಗಿ, ರೋಗಿ ತಾನೇ ಎತ್ತಲು ಹೋದರೆ ಜೋತುಬಿದ್ದರೆ, ಅದೂ ದಿಢೀರನೆ ಶುರುವಾಗಿದ್ದರೆ, ಮಣಿಕಟ್ಟಿನ ಬಳಿ ರಜ್ಜು ತುಂಡಾಗಿರಬಹುದು. ಅಳತೆ ಅಲ್ಲಿಗೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಬೇಕು. ಕಾದರೆ ಪಕ್ಕದ ರಜ್ಜುವೂ ಸವೆದು ಹೋದೀತು.

ಬಲ, ಕೋನ ಎರಡೂ ಕೈಯ ಕೆಲಸವನ್ನು ನೇರವಾಗಿ ಹೇಳವು. ಬೆರಳು ಕಿರುಬೆರಳ ಕಡೆಗೆ ವಾಲಿ ವರ್ಷಗಳಾದವರು ಸರಾಗವಾಗಿ ಹೂ ಕಟ್ಟುತ್ತಾರೆ. ನೋಡಲು ನೆಟ್ಟಗಿರುವ, ಊದಿಕೊಂಡ ಕೈಗೆ ಕುಕ್ಕರ್ ಮುಚ್ಚಳ ತಿರುಗುವುದಿಲ್ಲ. ಹಾಗಾಗಿ ಮನೆಯ ಮೂರು ಕೆಲಸ ಆರಿಸಿ ಸಮಯ ಹಿಡಿಯಿರಿ: ರವಿಕೆಯ ಹುಕ್ಕು ಹಾಕುವುದು, ಒದ್ದೆ ಟವೆಲ್ ಹಿಂಡುವುದು, ತುಂಬಿದ ಒಂದು ಲೀಟರ್ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುವುದು. ಸೆಕೆಂಡಿನ ಪಕ್ಕದಲ್ಲಿ ಹೇಗೆ ಮಾಡಿದರು ಎಂಬುದನ್ನೂ ಬರೆಯಿರಿ. ಎರಡೂ ಅಂಗೈಯಲ್ಲಿ ಜಗ್ಗನ್ನು ಅವುಚಿ ಬಗ್ಗಿಸಿದ್ದರಿಂದ ಸಮಯ ಇಳಿದಿದ್ದರೆ ಅದು ಉಪಾಯ ಕಲಿತದ್ದು, ಹಿಡಿತ ಬಂದದ್ದಲ್ಲ. ಉಪಾಯವೂ ಒಳ್ಳೆಯದೇ, ಆದರೆ ಬೇರೆ ಖಾನೆಯಲ್ಲಿರಲಿ.

ರೋಗಿಯೇ ಉತ್ತರಿಸುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯ, ದಿನನಿತ್ಯದ ಕೆಲಸ ಎಷ್ಟು ಕಷ್ಟ ಎಂದು ಕೇಳುವ ಎಚ್‌ಎಕ್ಯೂ ಇಡೀ ದೇಹವನ್ನು ಕೇಳುತ್ತದೆ: ಮಂಡಿ ಕೆಟ್ಟರೆ ಕೈ ಸುಧಾರಿಸಿದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಕೈಗೆಂದೇ ಇರುವ ಮಿಷಿಗನ್ ಪ್ರಶ್ನಾವಳಿಯಲ್ಲಿ 37 ಪ್ರಶ್ನೆಗಳು, ಆರು ವಿಭಾಗಗಳು. ನೋವಿನ ವಿಭಾಗದಲ್ಲಿ ಹೆಚ್ಚು ಅಂಕ ಎಂದರೆ ಕೆಟ್ಟದ್ದು, ಉಳಿದವುಗಳಲ್ಲಿ ಒಳ್ಳೆಯದು. ಕೂಡುವಾಗ ತಿರುವುಮುರುವು ಆಗುವುದು ಇಲ್ಲೇ. ಬ್ರಿಟನ್‌ನಲ್ಲಿ 490 ಜನರ ಮೇಲೆ ಕೈ ವ್ಯಾಯಾಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಸಾರಾ ಅಧ್ಯಯನ ಇದೇ ಪ್ರಶ್ನಾವಳಿಯ ಕೈ ಕಾರ್ಯದ ಅಂಕವನ್ನು ಮುಖ್ಯ ಅಳತೆಯಾಗಿ ಇಟ್ಟುಕೊಂಡಿತ್ತು. ಒಂದು ವರ್ಷದ ಬಳಿಕ ವ್ಯಾಯಾಮದ ಗುಂಪು 7.9 ಅಂಕ ಏರಿತು, ಮಾಮೂಲಿ ಆರೈಕೆಯ ಗುಂಪು 3.6. ಮಾಮೂಲಿ ಗುಂಪೂ ಏರಿತು ಎಂಬುದನ್ನು ಗಮನಿಸಿ.

ಚಿಕಿತ್ಸೆ ಬದಲಿಸುವ ಮೊದಲು, ಸಾಧ್ಯವಾದರೆ, ವಾರದ ಅಂತರದಲ್ಲಿ ಎರಡು ಸಲ ಅಳೆಯಿರಿ. ಏನೂ ಬದಲಾಗದೆಯೇ ಬಿಪಿ ಉಪಕರಣದ ಆ ಎರಡು ಅಂಕಿಗಳ ನಡುವೆ 15 ಮಿ.ಮೀ. ಪಾದರಸದ ವ್ಯತ್ಯಾಸ ಬಂದರೆ, ಮೂರು ತಿಂಗಳ ನಂತರ 12 ಮಿ.ಮೀ. ಏರಿದ್ದನ್ನು ಸುಧಾರಣೆ ಎಂದು ಬರೆಯುವಂತಿಲ್ಲ.