ಜೀತ ಅಲ್ಲಬೇ ಯವ್ವಾ, ಮುಯ್ಯ

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಒಂದು ಹಳ್ಳಿ ಲಾಡ್ಜ್‌ನಲ್ಲಿ ಊಟ, ವಸತಿಗೆ ಕೆಲಸ ಮಾಡ್ತಿದ್ದೇನೆ, ಕೈಗೆ ಸಂಬಳ ಇಲ್ಲ ಅಂತ ಹೇಳಿದ ದಿನ ಅವ್ವ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು: "ನಿಮ್ಮ ಮುತ್ಯಾ ಗೌಡ್ರ ಮನ್ಯಾಗ ಜೀತಕ್ಕಿದ್ದ. ನೀ ಇಷ್ಟ ಕಲ್ತು, ಅಷ್ಟ ದೂರ ಹೋಗಿ, ಬರೀ ಹೊಟ್ಟಿಗೆ ದುಡ್ಯಾಕತ್ತೀ ಏನಪಾ?"

ಎರಡು ದಿನ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮೂರು ವಿಜಯಪುರ ಜಿಲ್ಲೆಯ ತಾಳಿಕೋಟೆ ಕಡೆ, ಡೋಣಿ ಹೊಳೆ ದಂಡೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅಂತಾರಲ್ಲ, ಅದೇ ಕರಿ ಮಣ್ಣು. ಅಷ್ಟು ಜೋಳ ಬೆಳೆಯುವ ಊರಲ್ಲೇ ಮುತ್ಯಾ ಎರಡು ಹೊತ್ತಿನ ರೊಟ್ಟಿಗೆ, ವರ್ಷಕ್ಕೊಂದು ಜೊತೆ ಬಟ್ಟೆಗೆ ದುಡಿದ. ಅತ್ತೆಯ ಮದುವೆಗೆ ಮಾಡಿದ ಸಾಲ ಅದು. 1976ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂದ ಮೇಲೇ ಅವನು ಹೊರಗೆ ಬಂದದ್ದು. ಹಾಗಾಗಿ ಅವ್ವನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕೋಕೆ ಆಗಲ್ಲ.

ಮೊದಲು ಬಂದದ್ದು ಹೇಗೆ ಅಂತ ಹೇಳಿಬಿಡ್ತೀನಿ, ಊರಿನ ಹುಡುಗರು ಕೇಳ್ತಾ ಇರ್ತಾರೆ. ಆಸ್ಟ್ರೇಲಿಯಾದ 462 ಅನ್ನುವ ವೀಸಾ. 18ರಿಂದ 30 ವರ್ಷದವರಿಗೆ, ಒಂದು ವರ್ಷ ಸುತ್ತಾಡಬಹುದು, ಕೆಲಸವನ್ನೂ ಮಾಡಬಹುದು. ಭಾರತದವರಿಗೆ ವರ್ಷಕ್ಕೆ 1000 ಜಾಗ, ಲಾಟರಿ ಎತ್ತುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ ಶುರುವಾದಾಗ ಹೆಸರು ಹಾಕಿದೆ, ಬಂತು. ಟೂರಿಸ್ಟ್ ವೀಸಾದಲ್ಲಿ ಬಂದು ಹೀಗೆ ಕೆಲಸ ಹಿಡೀತೀನಿ ಅನ್ನೋ ಯೋಚನೆ ಬೇಡ. ದುಡ್ಡು ಮುಟ್ಟದಿದ್ದರೂ, ಊಟ ಹಾಸಿಗೆ ಕೊಟ್ಟರೆ ಅದನ್ನೂ ಕೆಲಸ ಅಂತಲೇ ಹಿಡಿಯಬಹುದು.

ಜೂನ್, ಜುಲೈ ಇಲ್ಲಿ ಚಳಿಗಾಲ. ಸಂಬಳದ ಕೆಲಸ ಕೇಳಿದ ಕಡೆಯೆಲ್ಲ "ಅನುಭವ ಇದೆಯಾ" ಅಂದರು, ನನಗೆ ಇರಲಿಲ್ಲ. ಮೆಲ್ಬರ್ನ್ ಹತ್ತಿರದ ಗೀಲಾಂಗ್‌ನಲ್ಲಿ ಹಡಗು ಹತ್ತಿ ಟಾಸ್ಮೇನಿಯಾದ ಡೆವನ್‌ಪೋರ್ಟ್‌ಗೆ ಬಂದಿಳಿದೆ. ಮೊದಲು ಸೇರಿದ ಜಾಗದ ಹೆಸರು ಹೇಳಲ್ಲ. ದಿನಕ್ಕೆ ನಾಲ್ಕು ತಾಸು ಅಂತ ಮಾತಾಗಿತ್ತು. ಮೂರನೇ ದಿನ ಐದಾಯಿತು, ವಾರದೊಳಗೆ ಏಳಾಯಿತು. ರಾತ್ರಿ ಊಟಕ್ಕೆ ಕೂತಾಗ "ಇನ್ನೊಂದು ರೂಮ್ ಇದೆ" ಅಂತ ಎಬ್ಬಿಸಿದರು. ನಾನು ಒಂದು ನೋಟ್‌ಬುಕ್‌ನಲ್ಲಿ ದಿನಾ ತಾಸು ಬರೆದಿಡ್ತಿದ್ದೆ. ಹನ್ನೊಂದನೇ ದಿನ ಅದನ್ನು ತೋರಿಸಿ ಕೇಳಿದೆ. ಇಷ್ಟ ಇದ್ದರೆ ಇರು ಅಂದರು. ಅವತ್ತೇ ಬ್ಯಾಗ್ ಹೆಗಲಿಗೆ ಹಾಕಿದೆ. ಬಸ್ಸಿನ ದುಡ್ಡು, ನಾಲ್ಕು ರಾತ್ರಿಯ ಹಾಸ್ಟೆಲ್ ದುಡ್ಡು ಬೇರೆ ತೆಗೆದಿಟ್ಟಿದ್ದೆ, ಅದಕ್ಕೇ ಹೊರಡೋಕೆ ಆಯಿತು. ಬಸ್ಸಿನಲ್ಲಿ ಕೂತಾಗ ಮುತ್ಯಾ ನೆನಪಾದ. ಅವನು ಹೀಗೆ ಎದ್ದು ಬರೋ ಹಾಗಿರಲಿಲ್ಲ. ಬಂದರೂ ಸಂಜೆಯೊಳಗೆ ಹುಡುಕಿ ಕರ್ಕೊಂಡು ಹೋಗ್ತಿದ್ದರು.

ಎರಡನೇ ಲಾಡ್ಜ್ ನಾಲ್ಕೇ ರೂಮಿನದು, ವಯಸ್ಸಾದ ಗಂಡ-ಹೆಂಡತಿ ನಡೆಸ್ತಾರೆ. ಆ ಅಮ್ಮ ಮೊದಲ ದಿನವೇ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದರು: ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ತಾಸು, ಪಕ್ಕದಲ್ಲಿ ನಾನು ಬರೆಯೋಕೆ ಖಾಲಿ ಜಾಗ. ಹತ್ತಕ್ಕೆ ಗೆಸ್ಟ್ ಹೋದರೆ ಎರಡಕ್ಕೆ ಹೊಸಬರು ಬರ್ತಾರೆ, ನಡುವೆ ರೂಮ್ ರೆಡಿ ಆಗಬೇಕು.

ಹಾಸಿಗೆ ಹಾಸೋದು ಇಷ್ಟು ನಾಜೂಕಿನ ಕೆಲಸ ಅಂತ ಗೊತ್ತಿರಲಿಲ್ಲ. ಬಿಳಿ ಚಾದರವನ್ನು ಕಾಲಿನ ಕಡೆ ಗಾದಿ ಕೆಳಗೆ ಸಿಗಿಸಬೇಕು. ಮೂಲೆಯಲ್ಲಿ ಜೋತುಬಿದ್ದ ಅಂಚನ್ನು ಮೇಲೆತ್ತಿ ಗಾದಿ ಮೇಲೆ ತ್ರಿಕೋನದ ಹಾಗೆ ಇಟ್ಟು, ಕೆಳಗೆ ಉಳಿದದ್ದನ್ನು ಒಳಗೆ ತಳ್ಳಿ, ಆಮೇಲೆ ತ್ರಿಕೋನವನ್ನು ಇಳಿಸಿ ಅದನ್ನೂ ಸಿಗಿಸಿದರೆ ಮೂಲೆ ಲಕೋಟೆ ಮಡಚಿದ ಹಾಗೆ ಕೂರುತ್ತದೆ. ಎಲ್ಲ ಮುಗಿದ ಮೇಲೆ ಆ ಅಮ್ಮ ಕಿಟಕಿ ಬೆಳಕಿಗೆ ಬಗ್ಗಿ ನೋಡುತ್ತಿದ್ದರು. ಒಂದು ಕೂದಲು ಕಂಡರೂ ಚಾದರ ತೆಗೆದು ಮತ್ತೆ ಮೊದಲಿಂದ. ಬೈಯುತ್ತಿರಲಿಲ್ಲ, ಆ ಕಡೆ ತುದಿಯನ್ನು ಅವರೇ ಹಿಡೀತಿದ್ದರು.

ನೀರಿನ ವಿಷಯ ಬಂದರೆ ನಮ್ಮ ಜಿಲ್ಲೆಯವನಿಗೆ ಕಿವಿ ನೆಟ್ಟಗಾಗುತ್ತದೆ ಅಲ್ವಾ. ಇಲ್ಲಿ ನಲ್ಲಿ ನೀರಿಲ್ಲ. ಮಾಡಿನ ಮೇಲೆ ಬಿದ್ದ ಮಳೆ ನೀರು ದೊಡ್ಡ ಟ್ಯಾಂಕಿಗೆ ಹೋಗುತ್ತದೆ, ಕುಡಿಯೋಕೂ ಅದೇ, ಸ್ನಾನಕ್ಕೂ ಅದೇ. ನಮ್ಮ ಬೋರಿನ ಸವಳು ನೀರಿಗೆ ಸೋಪು ನೊರೆಯೇ ಬರಲ್ಲ, ಬಕೇಟಿಗೆ ಬಿಳಿ ಪದರ ಕಟ್ಟುತ್ತದೆ. ಮಳೆ ನೀರಲ್ಲಿ ಉಲ್ಟಾ, ಸೋಪು ಹೋಗೋದೇ ಇಲ್ಲ, ಮೊದಲ ದಿನ ಜಾರು ಹೋಗಲಿ ಅಂತ ಸುಮ್ನೆ ನೀರು ಸುರಿದುಕೊಂಡೆ. ಸ್ನಾನದ ಮನೆಯಲ್ಲಿ ಗೆಸ್ಟ್‌ಗಳಿಗೆ ನಾಲ್ಕು ನಿಮಿಷದ ಮರಳು ಗಡಿಯಾರ ಇಟ್ಟಿದ್ದಾರೆ. ಟ್ಯಾಂಕ್ ಬಡಿದು, ಸದ್ದು ಕೇಳಿ, ನೀರು ಎಷ್ಟಿದೆ ಅಂತ ಆ ಅಜ್ಜ ಹೇಳ್ತಾರೆ, ನಮ್ಮಪ್ಪ ನೆಲದೊಳಗಿನ ಹಗೇವಿನ ಜೋಳದ ಅಂದಾಜು ಹೇಳಿದ ಹಾಗೆ.

ಬೆಳಗ್ಗೆ ಮೆಟ್ಟಿಲು ಗುಡಿಸೋದೂ ನನ್ನ ಕೆಲಸ. ರಾತ್ರಿ ವಾಂಬ್ಯಾಟ್ ಅನ್ನೋ ಪ್ರಾಣಿ ಹುಲ್ಲು ಮೇಯೋಕೆ ಬರುತ್ತದೆ, ಅದರ ಹಿಕ್ಕೆ ಚೌಕಾಕಾರ. ನಿಜವಾಗಿಯೂ ಮೂಲೆ ಇರುವ ತುಂಡುಗಳು. ಅಪ್ಪನಿಗೆ ಫೋಟೋ ಕಳಿಸಿದೆ. ಕುಳ್ಳಿನ ಹಾಗೆ ಒಲೆಗೆ ಹಚ್ಚೋಕೆ ಬರುತ್ತಾ ಅಂತ ಕೇಳಿದ.

ಈಗ ದುಡ್ಡಿನ ಲೆಕ್ಕ, ಇದನ್ನು ಮುಚ್ಚಿಟ್ಟು ಬರೆಯೋದು ತಪ್ಪು. 2025ರ ಜುಲೈ 1ರಿಂದ ಇಲ್ಲಿ ಕನಿಷ್ಠ ಕೂಲಿ ತಾಸಿಗೆ 24.95 ಡಾಲರ್ ಆಯಿತು, ಖಾಯಂ ಅಲ್ಲದವರಿಗೆ ಅದರ ಮೇಲೆ ಶೇ 25 ಜಾಸ್ತಿ. ಕಡಿಮೆ ದರ ಹಿಡಿದರೂ ವಾರಕ್ಕೆ 20 ತಾಸಿಗೆ 499 ಡಾಲರ್. ನನಗೆ ಸಿಗುವ ರೂಮು, ಊಟ ನನ್ನ ಅಂದಾಜಿನಲ್ಲಿ 400. ಅಂದರೆ ವಾರಕ್ಕೆ ನೂರು ನಾನೇ ಬಿಟ್ಟುಕೊಟ್ಟಂತೆ. ಕೈಕೆಲಸ ಕಲಿಯೋಕೆ ಆರು ವಾರ ಅಷ್ಟು ಬಿಡಬಹುದು ಅನ್ನಿಸಿತು, ಅದಕ್ಕಿಂತ ಜಾಸ್ತಿ ಬೇಡ. ಲಾಡ್ಜ್ ಅಂದರೆ ವ್ಯಾಪಾರವೇ. ಆಳಿನ ಕೆಲಸವನ್ನೇ ತಿಂಗಳುಗಟ್ಟಲೆ ಮಾಡಿಸಿಕೊಂಡು, ಊಟ ಹಾಕಿದೆವಲ್ಲ ಅಂದರೆ ಇಲ್ಲಿನ ಕಾನೂನೂ ಒಪ್ಪಲ್ಲ. ಫೇರ್ ವರ್ಕ್ ಓಂಬುಡ್ಸ್‌ಮನ್ ಅನ್ನುವ ಸರ್ಕಾರಿ ಕಚೇರಿ ಇದೆ, ಅಲ್ಲಿ ಕೇಳಬಹುದು. ಇನ್ನೊಂದು ಮಾತು, ಎರಡನೇ ವರ್ಷದ ವೀಸಾಕ್ಕೆ ಮೂರು ತಿಂಗಳು ಅವರು ಗೊತ್ತು ಮಾಡಿದ ಕೆಲಸ ತೋರಿಸಬೇಕು, ಅದಕ್ಕೆ ಸಂಬಳದ ಕೆಲಸ ಮಾತ್ರ ನಡೆಯುತ್ತದೆ. ಹೀಗೆ ಹಾಸಿಗೆ ಹಾಸಿದ ದಿನಗಳು ಅದರಲ್ಲಿ ಬರಲ್ಲ.

ನಾಲ್ಕನೇ ವಾರ ಒಂದು ಮದುವೆ ದಿಬ್ಬಣ ಬಂದು ನಾಲ್ಕೂ ರೂಮ್ ತುಂಬಿದವು. ಆ ವಾರ ನನ್ನ ಹಾಳೆಯಲ್ಲಿ 31 ತಾಸು ಆಯಿತು. ನಾನು ಬಾಯಿ ಬಿಡುವ ಮೊದಲೇ ಆ ಅಮ್ಮ ಹೆಚ್ಚಿನ 11 ತಾಸಿಗೆ ಪೂರ್ತಿ ಕೂಲಿ ಎಣಿಸಿ ಕೊಟ್ಟರು. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ: "ಜೀತ ಅಲ್ಲಬೇ ಯವ್ವಾ, ಮುಯ್ಯ ಇದ್ದಂಗ. ನಾವು ಜೋಳ ಕೀಳಾಕ ಅವರ ಹೊಲಕ್ಕ ಹೋದ್ರ ಅವರು ನಮ್ಮ ಹೊಲಕ್ಕ ಬರ್ತಾರಲ್ಲ, ಹಂಗ. ಬ್ಯಾಡಾದ್ರ ನಾಳೇನ ಬಿಟ್ಟ ಬರಬಹುದು."

ಮೊದಲ ಜಾಗದ ಸುದ್ದಿಯನ್ನೂ ಅವತ್ತೇ ಹೇಳಿದೆ, ಅಲ್ಲಿವರೆಗೆ ಹೇಳಿರಲಿಲ್ಲ. ಅವ್ವ ಸುಮ್ಮನೆ ಕೇಳಿಸಿಕೊಂಡಳು.

ಮುಂದಿನ ಭಾನುವಾರ ಮೆಲ್ಬರ್ನ್‌ನ ಅಂಗಡಿಯಿಂದ ತಂದಿದ್ದ ಜೋಳದ ಹಿಟ್ಟಿನಲ್ಲಿ ಅವರಿಬ್ಬರಿಗೂ ರೊಟ್ಟಿ ಬಡಿದೆ, ಕಟ್ಟಿಗೆ ಒಲೆ ಮೇಲೆ ಕಬ್ಬಿಣದ ಬಾಣಲೆ ಇಟ್ಟು. ಮೊದಲೆರಡು ಹರಿದವು, ಮೂರನೇದು ಉಬ್ಬಿತು. ವೀಡಿಯೋ ಕಾಲ್‌ನಲ್ಲಿ ಅವ್ವ ಆ ಅಮ್ಮ ತಿನ್ನೋದನ್ನೇ ನೋಡ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಆಕಿನ್ನ ಮಾಗಿ ಮುಗುದ ಮ್ಯಾಲ ನಮ್ಮೂರಿಗಿ ಕರ್ಕೊಂಡ ಬಾ. ಜೋಳ ಕೀಳಾಕ ಒಂದ ಆಳೂ ಸಿಗವಲ್ದು. ಊಟ ನಾ ಹಾಕ್ತೀನಿ, ಮಲಗಾಕ ಹೊಸಾ ಕೌದಿ ಐತಿ," ಅಂದಳು.